ಸೂಜಿ ಹಾಕಿಸಿದರೆ ಕೈ ಹಿಂದಕ್ಕೆ ಹೋಗುತ್ತದಾ?

ಪ್ರಶ್ನೆ: ಮೇಡಂ, ನನಗೆ 52 ವರ್ಷ. ಕೊಡಗಿನ ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಶುಗರ್ ಇದೆ. ಬಲ ಹೆಗಲು ಫ್ರೋಜನ್ ಶೋಲ್ಡರ್ (ಕೀಲು ಬಿಗಿದು ತೋಳು ಆಡದಂತಾಗುವ ಕಾಯಿಲೆ) ಆಗಿ ವರ್ಷ ದಾಟಿತ್ತು, ಏಳು ವಾರದ ಹಿಂದೆ ಅರಿವಳಿಕೆ ಕೊಟ್ಟು ತೋಳು ತಿರುಗಿಸಿ ಬಿಡಿಸಿದರು. ಈಗ ಕೈ ಮೇಲೆ ಎತ್ತುತ್ತೇನೆ, ಬೆನ್ನ ಹಿಂದೆ ಮಾತ್ರ ಹೋಗುವುದಿಲ್ಲ. ವ್ಯಾಯಾಮಕ್ಕೆ ಹೊರಟರೆ ಕುತ್ತಿಗೆಯಿಂದ ರಟ್ಟೆವರೆಗೂ ಸೆಳೆತ. ಫಿಸಿಯೋ ಅವರು ಡ್ರೈ ನೀಡ್ಲಿಂಗ್, ಅಂದರೆ ಸ್ನಾಯುವಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ, ಮಾಡೋಣ ಅನ್ನುತ್ತಾರೆ. ಮಾಡಿಸಬಹುದಾ? ಆಮೇಲೆ ವ್ಯಾಯಾಮ ಬಿಡಬಹುದಾ? ಅಣ್ಣನ ಮಗಳ ಮದುವೆಗೆ ನಾನೇ ಸೀರೆ ಉಟ್ಟುಕೊಳ್ಳಬೇಕು ಅಂತ ಆಸೆ.

ಉತ್ತರ: ಮಾಡಿಸಬಹುದು. ವ್ಯಾಯಾಮ ಮಾತ್ರ ದಯವಿಟ್ಟು ಬಿಡಬೇಡಿ.

ನಿಮ್ಮ ಸೀರೆಯ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೊಡಗಿನ ಸೀರೆಯ ನೆರಿಗೆ ಹಿಂದೆ ಬರುತ್ತದಲ್ವಾ, ಅದನ್ನು ಸಿಕ್ಕಿಸಲು ತೋಳು ಒಳಮುಖವಾಗಿ ತಿರುಗಿ ಸೊಂಟದ ಹಿಂದೆ ಹೋಗಬೇಕು, ಹೆಗಲು ಹಿಡಿದವರಿಗೆ ಸಾಮಾನ್ಯವಾಗಿ ಎಲ್ಲಕ್ಕಿಂತ ತಡವಾಗಿ ವಾಪಸ್ ಬರುವುದು ಅದೇ ತಿರುವು. ಏಳು ವಾರಕ್ಕೆ ಬಂದಿಲ್ಲ ಅಂತ ಹೆದರಬೇಡಿ. ಶುಗರ್ ಇರುವವರಿಗೆ ಇನ್ನೂ ನಿಧಾನ.

ಈ ಕಾಯಿಲೆಯಲ್ಲಿ ಕೀಲಿನ ಸುತ್ತಲಿನ ಚೀಲ ದಪ್ಪವಾಗಿ ಕುಗ್ಗುತ್ತದೆ. ಡಾಕ್ಟರು ಬಿಡಿಸಿದ್ದು ಅದನ್ನು. ಆದರೆ ವರ್ಷವಿಡೀ ನೋವಿಗೆ ಹೆದರಿ ಹೆಗಲನ್ನು ಮೇಲಕ್ಕೆ ಬಿಗಿಹಿಡಿದಿದ್ದೀರಿ, ಕುತ್ತಿಗೆಯ ಬದಿ, ಹೆಗಲೆಲುಬಿನ ಹಿಂದೆ ಸ್ನಾಯುಗಳು ಗಂಟು ಕಟ್ಟಿಕೊಂಡಿರುತ್ತವೆ. ಸೂಜಿ ಹೋಗುವುದು ಆ ಗಂಟುಗಳಿಗೆ. ಚೀಲವನ್ನು ಅದು ಸಡಿಲ ಮಾಡುವುದಿಲ್ಲ, ಮಾಡುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇದು ಇಂಜೆಕ್ಷನ್ ಅಲ್ಲ, ಔಷಧಿ ಏನೂ ಇರುವುದಿಲ್ಲ. ಸೂಜಿ ಸುಮಾರು 0.25ರಿಂದ 0.30 ಮಿಲಿಮೀಟರ್ ದಪ್ಪ, ಅಷ್ಟೇ. ನೋವು ಇಳಿಸುವುದು ಔಷಧಿ ಮಾತ್ರವಲ್ಲ, ಚುಚ್ಚಿದ ಸೂಜಿಯೇ ಇಳಿಸಬಲ್ಲದು ಅಂತ ಕಾರೆಲ್ ಲೆವಿಟ್ ಎಂಬ ಜೆಕ್ ವೈದ್ಯರು 1979ರಲ್ಲೇ ಬರೆದಿದ್ದರು. ಗಂಟಿಗೆ ತಾಗಿದಾಗ ಸ್ನಾಯು ಒಮ್ಮೆ ಪಟ್ಟನೆ ಅದುರುತ್ತದೆ. ಆಮೇಲೆ ಒಂದೆರಡು ದಿನ ಮೈಕೈ ನೋವಿನ ಹಾಗಿರುತ್ತದೆ, ಸ್ವಲ್ಪ ಕಂದಿದರೂ ಗಾಬರಿ ಬೇಡ.

ಸೆಳೆತ ಇಳಿಯುವುದು ಸ್ವಲ್ಪ ಕಾಲಕ್ಕೆ ಮಾತ್ರ. ಆ ಹೊತ್ತಿನಲ್ಲೇ ತೋಳು ಆಡಿಸಬೇಕು, ಸೂಜಿ ಹಾಕಿಸಿಕೊಂಡು ಮನೆಗೆ ಬಂದು ಸುಮ್ನೆ ಮಲಗಿದರೆ ಕೊಟ್ಟ ದುಡ್ಡು ದಂಡ. ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ (ಶುಗರ್ ಇದೆ, ಹಾಗಾಗಿ ಜಾಸ್ತಿ ಬಿಸಿ ಬೇಡ). ಆಮೇಲೆ ಒಂದು ಟವೆಲನ್ನು ಬೆನ್ನ ಹಿಂದೆ ಇಳಿಬಿಟ್ಟು, ಎಡಗೈಯಿಂದ ಮೇಲಿನ ತುದಿ, ಬಲಗೈಯಿಂದ ಕೆಳಗಿನ ತುದಿ ಹಿಡಿದು, ಎಡಗೈಯಿಂದ ಮೆಲ್ಲಗೆ ಮೇಲಕ್ಕೆ ಎಳೆಯಿರಿ. ಎಳೆತ ಗೊತ್ತಾಗಬೇಕು, ಕಣ್ಣೀರು ಬರಬಾರದು. ಒಂದೇ ಸಲ ಅರ್ಧ ಗಂಟೆ ಮಾಡುವುದಕ್ಕಿಂತ ದಿನಕ್ಕೆ ನಾಲ್ಕೈದು ಸಲ ಐದೈದು ನಿಮಿಷ ಮಾಡುವುದು ಒಳ್ಳೆಯದು.

ಹೋಗುವ ಮೊದಲು ತೋಳು ಬಿಡಿಸಿದ ಡಾಕ್ಟರನ್ನು ಒಂದು ಮಾತು ಕೇಳಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ, ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ, ಆ ಜಾಗದಲ್ಲಿ ಹುಣ್ಣಿದ್ದರೆ ಮುಚ್ಚಿಡದೆ ಹೇಳಿ. ಹೊಸ ಸೂಜಿಯ ಪ್ಯಾಕೆಟ್ಟನ್ನು ನಿಮ್ಮ ಎದುರೇ ಒಡೆಯಬೇಕು. ತರಬೇತಿ ಎಲ್ಲಿ ಆಯಿತು ಅಂತ ಕೇಳಲು ಸಂಕೋಚ ಬೇಡ, ಯಾಕೆಂದರೆ ಹೆಗಲ ಕೆಳಗೇ ಶ್ವಾಸಕೋಶ ಇದೆ. ಅಪರೂಪಕ್ಕೆ ಸೂಜಿ ಅಲ್ಲಿಗೆ ತಾಗಿಬಿಡುತ್ತದೆ. ಹಾಕಿಸಿಕೊಂಡ ದಿನವಾಗಲಿ ಮರುದಿನವಾಗಲಿ ಎದೆಯಲ್ಲಿ ಚುಚ್ಚಿದಂತಾದರೆ, ಉಸಿರು ಕಟ್ಟಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಸಲ ಕೊಯ್ಲಿನಲ್ಲಿ ಎದೆಮಟ್ಟದ ರೆಂಬೆಯ ಕಾಫಿ ಕುಯ್ಯಿರಿ, ನಡುನಡುವೆ ಕೈಗೆ ಬಿಡುವು ಕೊಡಿ. ಮೆಣಸು ಕುಯ್ಯಲು ಏಣಿ ಹತ್ತುವ ಕೆಲಸ ಬೇರೆಯವರಿಗೆ ಬಿಡಿ.