ವರ್ಡಲ್‌ನಲ್ಲಿ ಮೊದಲ ಪದ ಅಷ್ಟು ಮುಖ್ಯವೇ?

ನಿಮ್ಮ ಪ್ರಶ್ನೆ ಉದ್ದವಿದೆ. ಉಳಿದ ಓದುಗರಿಗಾಗಿ ಅದರ ಸಾರವನ್ನು ಹೇಳಿಬಿಡುತ್ತೇನೆ. ನೀವು ಮೂರು ತಿಂಗಳಿಂದ ದಿನವೂ ವರ್ಡಲ್ ಆಡುತ್ತಿದ್ದೀರಿ. ದಿನಕ್ಕೊಂದು ಐದು ಅಕ್ಷರದ ಇಂಗ್ಲಿಷ್ ಪದವನ್ನು ಆರು ಊಹೆಯೊಳಗೆ ಕಂಡುಹಿಡಿಯುವ ಆಟ ಅದು. ಮೊದಲ 45 ದಿನ ‘ಅಡ್ಯೂ’ (ಎ-ಡಿ-ಐ-ಇ-ಯು) ಪದದಿಂದ ಆರಂಭಿಸಿದಾಗ ಸರಾಸರಿ 4.3 ಊಹೆ ಬೇಕಾಯಿತು. ಆಮೇಲಿನ 45 ದಿನ ‘ಸ್ಲೇಟ್’ (ಎಸ್-ಎಲ್-ಎ-ಟಿ-ಇ) ಪದಕ್ಕೆ ಬದಲಾಯಿಸಿದಿರಿ, ಸರಾಸರಿ 4.1ಕ್ಕೆ ಇಳಿಯಿತು. ಇದು ಪದದ ಮಹಿಮೆಯೋ ಅದೃಷ್ಟವೋ, ಇದಕ್ಕಿಂತ ಒಳ್ಳೆಯ ಮೊದಲ ಪದ ಯಾವುದು, ತನ್ನ ಸರಾಸರಿ 3.2 ಎನ್ನುವ ಗೆಳೆಯನ ಮಾತನ್ನು ನಂಬಬಹುದೇ ಎಂದು ಕೇಳಿದ್ದೀರಿ.

‘ಸ್ಲೇಟ್’ಗೆ ಬಂದದ್ದು ಒಳ್ಳೆಯದಾಯಿತು. ಮೊದಲ ಪದದ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿ. ನಾನು ಆ ಹುಡುಕಾಟದಲ್ಲಿ ಒಂದು ವರ್ಷ ಕಳೆದವನು, ಹಾಗಾಗಿ ಹೇಳುತ್ತಿದ್ದೇನೆ. ಆಟ ಕೈ ತಪ್ಪುವುದೂ ಕೈಗೆ ಬರುವುದೂ ಹೆಚ್ಚಾಗಿ ಮೂರನೆಯ ಊಹೆಯಲ್ಲಿ.

ಮೊದಲು ಲೆಕ್ಕ ನೋಡೋಣ. ಜಾಶ್ ವಾರ್ಡಲ್ ಈ ಆಟವನ್ನು ತಮ್ಮ ಸಂಗಾತಿಗಾಗಿ ಮಾಡಿ, 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ತೆರೆದಿಟ್ಟರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ಐದು ಅಕ್ಷರದ ಇಂಗ್ಲಿಷ್ ಪದಗಳು ಸುಮಾರು ಹನ್ನೆರಡು ಸಾವಿರ ಇದ್ದರೂ ಉತ್ತರಗಳ ಮೂಲ ಪಟ್ಟಿಯಲ್ಲಿ ಇದ್ದದ್ದು 2,315 ಮಾತ್ರ. ಜನರಿಗೆ ಗೊತ್ತಿರುವ ಪದಗಳನ್ನಷ್ಟೇ ಆರಿಸಿ ಆ ಪಟ್ಟಿ ಮಾಡಿದ್ದರು. 2022ರ ನವೆಂಬರ್‌ನಿಂದ ಒಬ್ಬ ಸಂಪಾದಕರು ಉತ್ತರಗಳನ್ನು ನೋಡಿಕೊಳ್ಳುತ್ತಿರುವುದರಿಂದ ಪಟ್ಟಿ ಸ್ವಲ್ಪ ಬದಲಾಗಿದೆ. ಆದರೂ ಲೆಕ್ಕ ಮಾಡುವವರು ಇಂದಿಗೂ ಹಿಡಿದಿರುವುದು ಆ 2,315ನ್ನೇ. ನಾನೂ ಅದನ್ನೇ ಹಿಡಿಯುತ್ತೇನೆ.

ಆ ಪಟ್ಟಿಯ ಮೇಲೆ ಕಂಪ್ಯೂಟರ್ ಓಡಿಸಿ, ಪ್ರತಿ ಹೆಜ್ಜೆಯನ್ನೂ ತಪ್ಪಿಲ್ಲದೆ ಆಡಿದರೆ ಯಾವ ಮೊದಲ ಪದ ಎಲ್ಲಕ್ಕಿಂತ ಉತ್ತಮ ಎಂದು ಸಾಧಿಸಿ ತೋರಿಸಿದ್ದಾರೆ. ಅದು ‘ಸ್ಯಾಲೆಟ್’ (ಎಸ್-ಎ-ಎಲ್-ಇ-ಟಿ), ಹಳೆಯ ಕಾಲದ ಒಂದು ಶಿರಸ್ತ್ರಾಣದ ಹೆಸರು. 2,315 ಪದಗಳನ್ನೂ ಬಿಡಿಸಲು ಅದಕ್ಕೆ ಬೇಕಾಗುವುದು ಒಟ್ಟು 7,920 ಊಹೆ, ಅಂದರೆ ಸರಾಸರಿ 3.421. ನಿಮ್ಮ ‘ಸ್ಲೇಟ್’ಗೆ ಬೇಕಾಗುವುದು 7,928. ಅವೇ ಐದು ಅಕ್ಷರಗಳು, ಜಾಗ ಮಾತ್ರ ಬೇರೆ. ದಿನಕ್ಕೊಂದರಂತೆ ಆರು ವರ್ಷಕ್ಕೂ ಹೆಚ್ಚು ಕಾಲ ಒಂದೂ ತಪ್ಪು ಮಾಡದೆ ಆಡಿದರೆ, ಜಗತ್ತಿನ ಅತ್ಯುತ್ತಮ ಪದ ನಿಮಗೆ ಉಳಿಸಿಕೊಡುವುದು ಎಂಟು ಊಹೆ. ‘ಕ್ರೇನ್’ನಿಂದ ಆರಂಭಿಸುವವರಿಗೆ ಹತ್ತು. ಇದನ್ನು ಓದಿದ ದಿನ ನನ್ನ ಮೊದಲ ಪದಗಳ ಪಟ್ಟಿಯನ್ನು ಹರಿದು ಹಾಕಿದೆ.

ಹಾಗೆಂದು ಎಲ್ಲ ಮೊದಲ ಪದಗಳೂ ಒಂದೇ ಅಲ್ಲ. ಒಂದು ಊಹೆಗೆ ಹಸಿರು (ಅಕ್ಷರವೂ ಜಾಗವೂ ಸರಿ), ಹಳದಿ (ಅಕ್ಷರ ಇದೆ, ಜಾಗ ಬೇರೆ), ಬೂದು (ಅಕ್ಷರ ಇಲ್ಲ) ಎಂಬ ಮೂರು ಬಣ್ಣಗಳು ಐದು ಚೌಕಗಳಲ್ಲಿ 243 ಬಗೆಯಾಗಿ ಬೀಳಬಹುದು. ನಾಲ್ಕು ಹಸಿರಾಗಿ ಐದನೆಯದು ಮಾತ್ರ ಹಳದಿಯಾಗುವುದು ಅಸಾಧ್ಯವಾದ್ದರಿಂದ ನಿಜಕ್ಕೂ 238. ಒಳ್ಳೆಯ ಊಹೆ ಎಂದರೆ ಉಳಿದ ಪದಗಳ ರಾಶಿಯನ್ನು, ಒಂದೊಂದು ಬಗೆಯ ಬಣ್ಣಕ್ಕೆ ಒಂದು ಗುಡ್ಡೆಯಂತೆ, ಆದಷ್ಟು ಹೆಚ್ಚು ಸಣ್ಣ ಗುಡ್ಡೆಗಳಾಗಿ ಒಡೆಯುವ ಪದ. ಅದು ಉತ್ತರವಾಗಿರಲೇಬೇಕು ಎಂದೇನಿಲ್ಲ. ‘ರೇಜ್’ (ಆರ್-ಎ-ಐ-ಎಸ್-ಇ) ಎಂಬ ಪದ 2,315ರ ರಾಶಿಯನ್ನು ಸರಾಸರಿ 61ಕ್ಕೆ ಇಳಿಸುತ್ತದೆ. ಅತಿ ದುರದೃಷ್ಟದ ದಿನವೂ 168 ಪದಗಳಿಗಿಂತ ಹೆಚ್ಚು ಉಳಿಯುವುದಿಲ್ಲ. ಈ ಬಗೆಯ ಯೋಚನೆ ಹಳೆಯದು. 1977ರಲ್ಲೇ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ‘ಮಾಸ್ಟರ್‌ಮೈಂಡ್’ ಎಂಬ ಬಣ್ಣದ ಗುಂಡಿಗಳ ಆಟದಲ್ಲಿ, ಉಳಿಯಬಹುದಾದ ಅತಿ ದೊಡ್ಡ ಗುಡ್ಡೆಯನ್ನು ಚಿಕ್ಕದು ಮಾಡುತ್ತಾ ಹೋದರೆ 1,296 ಸಂಕೇತಗಳಲ್ಲಿ ಯಾವುದನ್ನಾದರೂ ಐದು ನಡೆಯೊಳಗೆ ಹಿಡಿಯಬಹುದು ಎಂದು ತೋರಿಸಿದ್ದರು. ವರ್ಡಲ್‌ನಲ್ಲಿ ಸಂಕೇತದ ಬದಲು ಪದ, ಅಷ್ಟೇ ವ್ಯತ್ಯಾಸ.

‘ಅಡ್ಯೂ’ ಏಕೆ ಸೋಲುತ್ತದೆ ಎಂಬುದು ಇಲ್ಲಿ ತಿಳಿಯುತ್ತದೆ. ನಾಲ್ಕು ಸ್ವರಗಳು ಒಟ್ಟಿಗೆ ಸಿಗುತ್ತವೆ ಎಂದು ಜನ ಅದನ್ನು ಮೆಚ್ಚುತ್ತಾರೆ. ಆದರೆ ಇಂಗ್ಲಿಷ್ ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ವ್ಯಂಜನಗಳು. ‘ಇ’ 1,056 ಪದಗಳಲ್ಲಿದೆ, ‘ಎ’ 909ರಲ್ಲಿದೆ, ಅವುಗಳನ್ನು ಕೇಳಲೇಬೇಕು, ಸರಿ. ಅವುಗಳ ಜೊತೆಗೆ ಆರ್, ಟಿ, ಎಲ್, ಎಸ್, ಎನ್‌ಗಳಲ್ಲಿ ಕೆಲವನ್ನು ಕೇಳದೆ ಬಿಟ್ಟರೆ ಆ ಸಾಲ ಮುಂದೆ ಬಡ್ಡಿ ಸಮೇತ ಬರುತ್ತದೆ. ಹೇಗೆ ಬರುತ್ತದೆ ನೋಡಿ.

‘ಅಡ್ಯೂ’ ಹಾಕಿದಿರಿ ಎನ್ನಿ. ‘ಐ’ ಹಳದಿ, ಉಳಿದವು ಬೂದು. ಎರಡನೆಯ ಊಹೆಗೆ ‘ಲೈಟ್’ (ಎಲ್-ಐ-ಜಿ-ಎಚ್-ಟಿ) ಹಾಕಿದಿರಿ. ‘ಎಲ್’ ಬೂದು, ಉಳಿದ ನಾಲ್ಕೂ ಹಸಿರು. ಮೈ ಜುಮ್ಮೆನ್ನುತ್ತದೆ, ಇನ್ನೇನು ಮುಗಿಯಿತು ಅನ್ನಿಸುತ್ತದೆ. ನಿಜದಲ್ಲಿ ನೀವು ಬಾವಿಗೆ ಬಿದ್ದಿದ್ದೀರಿ. ಫೈಟ್, ಮೈಟ್, ನೈಟ್, ರೈಟ್, ಸೈಟ್, ಟೈಟ್, ಹೀಗೆ ಆರು ಪದಗಳು ಉಳಿದಿವೆ. ನಿಮ್ಮ ಕೈಯಲ್ಲಿರುವುದು ನಾಲ್ಕು ಊಹೆ. ಒಂದೊಂದಾಗಿ ಹಾಕುತ್ತಾ ಹೋದರೆ ಪ್ರತಿ ಊಹೆಯೂ ತನ್ನನ್ನೊಂದನ್ನೇ ಅಳಿಸುತ್ತದೆ. ಆರರಲ್ಲಿ ಎರಡು ಸಲ ಸೋಲು ಖಂಡಿತ.

ಈಗ ಮೂರನೆಯ ಊಹೆಯಾಗಿ, ಉತ್ತರವಾಗಲು ಸಾಧ್ಯವೇ ಇಲ್ಲದ ‘ಟರ್ಮ್ಸ್’ (ಟಿ-ಇ-ಆರ್-ಎಂ-ಎಸ್) ಹಾಕಿ. ‘ಆರ್’ ಹಳದಿಯಾದರೆ ರೈಟ್. ‘ಎಂ’ ಹಳದಿಯಾದರೆ ಮೈಟ್. ‘ಎಸ್’ ಹಳದಿಯಾದರೆ ಸೈಟ್. ನನಗೆ ಇಷ್ಟವಾದ ಭಾಗ ‘ಟಿ’ಯದು. ಅದು ಎಲ್ಲ ಆರು ಪದಗಳ ಕೊನೆಯಲ್ಲೂ ಇದೆ, ಹಾಗಾಗಿ ಹಳದಿ ಬಂದರೆ ಹೊಸದೇನೂ ತಿಳಿಯುವುದಿಲ್ಲ. ಹಸಿರು ಬಂದರೆ ಮಾತ್ರ ಉತ್ತರ ಟೈಟ್. ಇವು ಯಾವುವೂ ಆಗದಿದ್ದರೆ ಉಳಿಯುವುದು ಫೈಟ್ ಮತ್ತು ನೈಟ್, ಎರಡಕ್ಕೂ ಊಹೆ ಉಳಿದಿದೆ. ಆರರಲ್ಲಿ ಐದು ಸಲ ನಾಲ್ಕನೆಯದರಲ್ಲಿ ಮುಗಿಯುತ್ತದೆ, ಒಂದು ಸಲ ಐದನೆಯದರಲ್ಲಿ. ಸೋಲು ಎಂಬುದೇ ಇಲ್ಲ. ಒಂದು ಊಹೆಯನ್ನು ಕೈಯಾರೆ ಕಳೆದುಕೊಂಡು ಎರಡು ಸೋಲುಗಳನ್ನು ತಪ್ಪಿಸಿದಿರಿ.

ಮನಸ್ಸು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ. ನಾಲ್ಕು ಹಸಿರು ಚೌಕಗಳು ಕಣ್ಣ ಮುಂದಿರುವಾಗ ಅವುಗಳನ್ನು ಬಿಟ್ಟು ಯಾವುದೋ ಸಂಬಂಧವಿಲ್ಲದ ಪದ ಟೈಪ್ ಮಾಡುವುದೆಂದರೆ ಬಡಿಸಿದ ಎಲೆಯ ಮುಂದಿನಿಂದ ಎದ್ದು ಹೋದಂತೆ. ನಾನೂ ಬಹಳ ದಿನ ಎದ್ದವನಲ್ಲ. ಈಗ ಒಂದು ಸರಳ ನಿಯಮ ಇಟ್ಟುಕೊಂಡಿದ್ದೇನೆ. ಮೂರನೆಯ ಊಹೆಗೆ ಮೊದಲು ಕಾಗದದ ಮೇಲೆ ನನಗೆ ತೋಚುವ ಪದಗಳನ್ನೆಲ್ಲ ಬರೆಯುತ್ತೇನೆ. ಎರಡೇ ಇದ್ದರೆ ಒಂದನ್ನು ಹಾಕಿಬಿಡುತ್ತೇನೆ. ಮೂರಿದ್ದರೆ, ಅವುಗಳಲ್ಲೇ ಒಂದು ಉಳಿದೆರಡನ್ನು ಬೇರ್ಪಡಿಸುತ್ತದೆಯೇ ಎಂದು ನೋಡುತ್ತೇನೆ. ನಾಲ್ಕು ಅಥವಾ ಹೆಚ್ಚಿದ್ದು, ಅವೆಲ್ಲ ಒಂದೇ ಅಕ್ಷರದಲ್ಲಿ ಬೇರೆಯಾಗಿದ್ದರೆ ಒಡೆಯುವ ಪದವನ್ನು ಹುಡುಕುತ್ತೇನೆ. ಎರಡು ನಿಮಿಷದ ಕೆಲಸ. ಆಟಕ್ಕೆ ಗಡಿಯಾರವಂತೂ ಇಲ್ಲ.

ಆಟದ ಕಠಿಣ ಬಗೆಯಾದ ‘ಹಾರ್ಡ್ ಮೋಡ್’ನಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಸಿಕ್ಕ ಹಸಿರು ಅದೇ ಜಾಗದಲ್ಲಿ ಇರಲೇಬೇಕು, ಹಳದಿ ಅಕ್ಷರವೂ ಪದದಲ್ಲಿ ಬರಲೇಬೇಕು. ನಾನು ಆ ಮೋಡ್‌ನಲ್ಲಿ 83 ದಿನಗಳ ಗೆಲುವಿನ ಸರಣಿ ಕಟ್ಟಿದ್ದೆ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ‘ಸ್ಲೇಟ್’ ಹಾಕಿದೆ, ‘ಎ’ ಮತ್ತು ‘ಟಿ’ ಹಳದಿ. ‘ಪ್ಯಾಚ್’ ಹಾಕಿದೆ, ‘ಪಿ’ ಬಿಟ್ಟು ಉಳಿದೆಲ್ಲ ಹಸಿರು. ಆಮೇಲೆ ಮ್ಯಾಚ್, ಕ್ಯಾಚ್, ಬ್ಯಾಚ್, ಹ್ಯಾಚ್. ಉತ್ತರ ‘ವಾಚ್’. ನಾಲ್ಕನೆಯ ಊಹೆಯ ಹೊತ್ತಿಗೇ ಎಲ್ಲ ಅರ್ಥವಾಗಿತ್ತು, ಮಾಡುವುದಕ್ಕೆ ಏನೂ ಇರಲಿಲ್ಲ. ಹಾರ್ಡ್ ಮೋಡ್‌ನಲ್ಲಿ ಎಚ್ಚರವೆಲ್ಲ ಎರಡನೆಯ ಊಹೆಯಲ್ಲೇ ಇರಬೇಕು. ಒಂದೇ ಪ್ರಾಸದ ಕುಟುಂಬ ದೊಡ್ಡದಿದ್ದರೆ ಅದರ ಬಾಲವನ್ನು ಬೇಗ ಹಸಿರು ಮಾಡಿಕೊಳ್ಳಬಾರದು. ನಿಮಗೆ ಸರಣಿ ಮುಖ್ಯವಾದರೆ ಆ ಮೋಡ್ ಬೇಡ.

ಸಣ್ಣ ವಿಷಯಗಳು ಎರಡು. ಮೂಲ ಪಟ್ಟಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಪದಗಳಲ್ಲಿ ಯಾವುದಾದರೂ ಅಕ್ಷರ ಎರಡು ಸಲ ಬರುತ್ತದೆ. ಆದ್ದರಿಂದ ನಾಲ್ಕನೆಯ ಊಹೆಯವರೆಗೂ ಏನೂ ಹೊಂದದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಬಣ್ಣ ಓದುವಾಗಲೂ ಜೋಪಾನ. ಉತ್ತರ ‘ಲೆಮನ್’ ಆಗಿದ್ದು ನೀವು ‘ಹೆಲೋ’ (ಎಚ್-ಇ-ಎಲ್-ಎಲ್-ಓ) ಹಾಕಿದರೆ ಮೊದಲ ‘ಎಲ್’ ಹಳದಿ, ಎರಡನೆಯದು ಬೂದು ಬರುತ್ತದೆ. ಆ ಬೂದಿನ ಅರ್ಥ ‘ಎಲ್’ ಇಲ್ಲ ಎಂದಲ್ಲ, ಇನ್ನೊಂದು ‘ಎಲ್’ ಇಲ್ಲ ಎಂದು. ಎರಡನೆಯ ವಿಷಯ ಕೊನೆಯ ಅಕ್ಷರದ್ದು. ಪಟ್ಟಿಯಲ್ಲಿ 424 ಪದಗಳು ‘ಇ’ಯಿಂದ, 364 ಪದಗಳು ‘ವೈ’ಯಿಂದ ಮುಗಿಯುತ್ತವೆ. ‘ಎಸ್’ನಿಂದ ಮುಗಿಯುವುದು ಬರೀ 36, ಏಕೆಂದರೆ ‘ಎಸ್’ ಸೇರಿಸಿ ಮಾಡುವ ಬಹುವಚನಗಳು ಉತ್ತರವಾಗಿ ಬರುವುದಿಲ್ಲ. ಅದೇ ‘ಎಸ್’ 366 ಪದಗಳ ಮೊದಲಲ್ಲಿದೆ, ಬೇರೆ ಯಾವ ಅಕ್ಷರಕ್ಕೂ ಅಷ್ಟು ಇಲ್ಲ. ನುಡಿದಂತೆ ಬರೆಯುವ ನಮಗೆ ‘ಲೈಟ್’ನಲ್ಲಿ ಕೇಳಿಸದೆ ಕುಳಿತಿರುವ ‘ಜಿ’ ಮತ್ತು ‘ಎಚ್’ ತೊಡಕೇ ಸರಿ. ಹಾಗಾಗಿ ಪದಗಳನ್ನು ಬಾಯಲ್ಲಿ ಹೇಳಿಕೊಳ್ಳುವುದಕ್ಕಿಂತ ಬರೆದು ನೋಡುವುದು ವಾಸಿ.

ಇನ್ನು ನಿಮ್ಮ 4.3 ಮತ್ತು 4.1. ನಾನು ನಾಲ್ಕುನೂರು ಚಿಲ್ಲರೆ ಆಟಗಳ ಲೆಕ್ಕ ಇಟ್ಟಿದ್ದೇನೆ. ಒಂದು ಆಟದಿಂದ ಇನ್ನೊಂದಕ್ಕೆ ನನ್ನ ಊಹೆಗಳ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಅತ್ತಿತ್ತ ಸರಿಯುವ ಸಾಮಾನ್ಯ ಪ್ರಮಾಣ, ಸುಮಾರು 1. ನಿಮ್ಮದೂ ಅಷ್ಟೇ ಎಂದುಕೊಳ್ಳೋಣ. 45 ಆಟಗಳ ಸರಾಸರಿ ತಾನಾಗಿಯೇ 0.15ರಷ್ಟು ಅತ್ತಿತ್ತ ಓಲಾಡುತ್ತದೆ. ಅಂಥ ಎರಡು ಸರಾಸರಿಗಳ ನಡುವಿನ ಅಂತರ ಓಲಾಡುವುದು 0.21ರಷ್ಟು. ನಿಮಗೆ ಕಂಡ ಸುಧಾರಣೆ 0.2. ಅಂದರೆ ಪದ ಬದಲಿಸದೇ ಇದ್ದಿದ್ದರೂ ಇಷ್ಟು ಏರಿಳಿತ ಬರಬಹುದಿತ್ತು. 0.2 ನಿಜವೇ ಎಂದು ಸ್ವಲ್ಪ ಧೈರ್ಯದಿಂದ ಹೇಳಲು ಎರಡೂ ಪದಗಳಿಂದ ಇನ್ನೂರು ಇನ್ನೂರು ಆಟ ಬೇಕು. ‘ಸ್ಲೇಟ್’ ಉತ್ತಮ ಎಂದು ನಾನು ಹೇಳುತ್ತಿರುವುದು ಗುಡ್ಡೆ ಒಡೆಯುವ ಲೆಕ್ಕದಿಂದ, ನಿಮ್ಮ ತೊಂಬತ್ತು ದಿನಗಳಿಂದಲ್ಲ.

ಸರಾಸರಿ ತೆಗೆಯುವಾಗ ಸೋತ ದಿನಗಳನ್ನು ಏನು ಮಾಡಿದಿರಿ ಎಂದು ನೀವು ಬರೆದಿಲ್ಲ. ಅವುಗಳನ್ನು ಬಿಟ್ಟುಬಿಟ್ಟರೆ ಸರಾಸರಿ ಚೆನ್ನಾಗಿ ಕಾಣುತ್ತದೆ, ಸುಳ್ಳೂ ಆಗುತ್ತದೆ. ನಾನು ಸೋಲನ್ನು 7 ಎಂದು ಬರೆದುಕೊಳ್ಳುತ್ತೇನೆ. ಎರಡರಲ್ಲಿ ಬಿಡಿಸಿದ ದಿನಗಳಿಗೂ ಹೆಚ್ಚು ಬೀಗಬೇಡಿ. ಮೊದಲ ಊಹೆ ರಾಶಿಯನ್ನು ಎಷ್ಟು ಗುಡ್ಡೆ ಮಾಡುತ್ತದೋ ಅಷ್ಟೇ ಸಲ ಎರಡನೆಯದರಲ್ಲಿ ಗೆಲ್ಲಲು ಸಾಧ್ಯ, ಗುಡ್ಡೆಗೆ ಒಂದು ಪದದಂತೆ. ಅತಿ ಹೆಚ್ಚು ಗುಡ್ಡೆ ಮಾಡುವ ‘ಟ್ರೇಸ್’ ಮಾಡುವುದೇ 150. 2,315ರಲ್ಲಿ 150 ಎಂದರೆ, ಪಟ್ಟಿಯೆಲ್ಲ ಬಾಯಿಪಾಠವಿದ್ದವರಿಗೂ ಹದಿನೈದು ದಿನಕ್ಕೊಮ್ಮೆ.

ನಿಮ್ಮ ಗೆಳೆಯನ 3.2ರ ಮಾತಿಗೆ ಬಂದರೆ, ಪಟ್ಟಿಯನ್ನೆಲ್ಲ ನೆನಪಿಟ್ಟುಕೊಂಡು ಒಂದೂ ತಪ್ಪು ಮಾಡದ ಯಂತ್ರದ ಸರಾಸರಿಯೇ 3.42. ಹತ್ತು ದಿನದ ಸರಾಸರಿ 3.2 ಎಂದರೆ ನಂಬುತ್ತೇನೆ, ಒಳ್ಳೆಯ ಹತ್ತು ದಿನಗಳು ಯಾರಿಗಾದರೂ ಬರುತ್ತವೆ. ಇನ್ನೂರು ದಿನದ್ದು ಎಂದರೆ ಮೊಬೈಲ್‌ನಲ್ಲಿರುವ ಅಂಕಿಅಂಶದ ಪುಟವನ್ನು ತೋರಿಸಲು ಹೇಳಿ. ಅದರಲ್ಲಿ ಒಂದರಿಂದ ಆರರವರೆಗೆ ಎಷ್ಟೆಷ್ಟು ಸಲ ಎಂದು ತೋರಿಸುವ ಅಡ್ಡ ಪಟ್ಟೆಗಳಿರುತ್ತವೆ. ಎರಡರ ಪಟ್ಟೆ ಮೂರರದಷ್ಟೇ ಉದ್ದವಿದ್ದರೆ ಮತ್ತೇನೂ ಕೇಳಬೇಡಿ, ವಿಷಯ ಬದಲಿಸಿ.