ಸೈಕಲ್ ಸವಾರರಿಗೂ ಹೆಲ್ಮೆಟ್ ಬೇಕೆ?

ಪ್ರಶ್ನೆ: ನಾನು ದಿನವೂ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತೇನೆ. ವೇಗ ಕಡಿಮೆಯಾದ್ದರಿಂದ ಹೆಲ್ಮೆಟ್ ಅನಗತ್ಯವೆಂದೂ ನೆದರ್ಲೆಂಡ್ಸ್‌ನಲ್ಲಿ ಹೆಚ್ಚಿನವರು ಅದನ್ನು ಧರಿಸುವುದಿಲ್ಲವೆಂದೂ ಗೆಳೆಯರು ವಾದಿಸುತ್ತಾರೆ. ತಮ್ಮ ಅಭಿಪ್ರಾಯವೇನು?

ಉತ್ತರ: ಧರಿಸುವುದೇ ಲೇಸು. ವೇಗದ ವಾದದಲ್ಲಿ ಹುರುಳಿಲ್ಲ. ನಿಂತ ಸೈಕಲ್ಲಿನಿಂದ ಆಯತಪ್ಪಿ ಬಿದ್ದರೂ, ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿರುವ ತಲೆ ಗಂಟೆಗೆ 20 ಕಿ.ಮೀ.ಗೆ ಸಮೀಪದ ವೇಗದಲ್ಲಿ ನೆಲಕ್ಕೆ ಅಪ್ಪಳಿಸಬಹುದು. ಆಗ ಹೆಲ್ಮೆಟ್ಟಿನ ಒಳಪದರದಲ್ಲಿರುವ ಥರ್ಮೋಕೋಲ್ ಜಾತಿಯ ವಸ್ತು ತಾನು ಜಜ್ಜಿಹೋಗಿ, ತಲೆ ನಿಲ್ಲಲು ಹಿಡಿಯುವ ಅವಧಿಯನ್ನು ತುಸು ಹಿಗ್ಗಿಸಿ, ಮಿದುಳಿಗಾಗುವ ಆಘಾತವನ್ನು ತಗ್ಗಿಸುತ್ತದೆ. ಒಮ್ಮೆ ಜಜ್ಜಿದ ಪದರ ಮೊದಲಿನಂತಾಗದು. ಆದುದರಿಂದ ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು, ಅದು ಹೊರನೋಟಕ್ಕೆ ಚೆನ್ನಾಗಿಯೇ ಇದ್ದರೂ, ಬದಲಿಸಬೇಕು. ವೇಗವಾಗಿ ಬಂದ ಲಾರಿಯ ಡಿಕ್ಕಿಯಿಂದ ಅದು ಕಾಪಾಡುತ್ತದೆಂದು ಮಾತ್ರ ನಂಬಬೇಡಿ.

ನೆದರ್ಲೆಂಡ್ಸ್‌ನಲ್ಲಿ ಸೈಕಲ್ಲುಗಳಿಗೆ ಪ್ರತ್ಯೇಕ ಪಥಗಳಿವೆ, ವಸತಿ ಬೀದಿಗಳಲ್ಲಿ ಮೋಟಾರು ವಾಹನಗಳ ವೇಗಕ್ಕೆ ಕಡಿವಾಣವಿದೆ. ಆ ಪಥಗಳಿಲ್ಲದ ಊರಿನಲ್ಲಿದ್ದು ಅವರ ಬರಿದಲೆಯನ್ನಷ್ಟೇ ಅನುಕರಿಸುವುದು ವಿಚಿತ್ರ ಜಾಣತನ!

ಕಾನೂನಿನಿಂದ ಕಡ್ಡಾಯಗೊಳಿಸಬೇಕೇ ಎಂಬುದು ಬೇರೆಯದೇ ಚರ್ಚೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990ರಲ್ಲಿಯೇ ಹಾಗೆ ಮಾಡಿತು. ಇಂಥ ಕಡ್ಡಾಯದಿಂದ ಜನ ಸೈಕಲ್ಲನ್ನೇ ತೊರೆಯುತ್ತಾರೆಂಬ ಆಕ್ಷೇಪವೂ ಇದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ನಿಮ್ಮ ಮಟ್ಟಿಗೆ, ಹುಬ್ಬಿನಿಂದ ಎರಡು ಬೆರಳಷ್ಟು ಮೇಲೆ ಸಮತಲವಾಗಿ ಕೂರುವ, ತಲೆಯಾಡಿಸಿದರೆ ಜಾರದ ಹೆಲ್ಮೆಟ್ಟನ್ನು ಆರಿಸಿಕೊಂಡು ಗಲ್ಲದ ಪಟ್ಟಿಯನ್ನು ತಪ್ಪದೆ ಬಿಗಿದುಕೊಳ್ಳಿ.