ಸ್ವಯಂಸೇವಕರೇ ನಡೆಸುವ ಸಣ್ಣ ಗ್ರಂಥಾಲಯಕ್ಕೆ ಕ್ಯಾಟಲಾಗ್ ಮಾಡುವುದು ಹೇಗೆ? ಜನ ಬರುವಂತೆ ಮಾಡುವುದು ಹೇಗೆ?

ಬಡಾವಣೆಯ ಸಂಘದ ಕೋಣೆ, 1,500 ಪುಸ್ತಕ, ಸಂಬಳದವರು ಯಾರೂ ಇಲ್ಲ. ಯಾವ ಪದ್ಧತಿಯಲ್ಲಿ ಪಟ್ಟಿ ಮಾಡಬೇಕು, ಯಾವ ಸಾಫ್ಟ್‌ವೇರ್ ಹಾಕಬೇಕು, ಜನರನ್ನು ಹೇಗೆ ಕರೆಯಬೇಕು ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ಇದೇ ಮೂರು ಪ್ರಶ್ನೆ ಹಿಡಿದುಕೊಂಡು ನಾನೂ ಊರೆಲ್ಲ ಸುತ್ತಿದ್ದೆ. ನಮ್ಮದು ತುಮಕೂರಿನಲ್ಲಿ ನೀರಿನ ಟ್ಯಾಂಕ್ ಪಕ್ಕದ ಒಂದೇ ಕೋಣೆ, ಈಗ 2,300 ಪುಸ್ತಕ ಇವೆ. ನಾನು ಲೈಬ್ರರಿ ಸೈನ್ಸ್ ಓದಿದವನಲ್ಲ, ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು. ಅಷ್ಟು ತಿಳಿದುಕೊಂಡು ಮುಂದೆ ಓದಿ.

ಮೊದಲು ನಾನು ಮಾಡಿದ ಪೆದ್ದುತನ ಹೇಳಿಬಿಡುತ್ತೇನೆ. ಗ್ರಂಥಾಲಯ ಅಂದಮೇಲೆ ಡ್ಯೂಯಿ ದಶಮಾಂಶ ಪದ್ಧತಿ ಇರಲೇಬೇಕು ಅಂದುಕೊಂಡೆ. 1876ರಿಂದ ಬಳಕೆಯಲ್ಲಿರುವ ಪದ್ಧತಿ ಅದು, ಇರುವ ವಿಷಯಗಳನ್ನೆಲ್ಲ 000ದಿಂದ 999ರೊಳಗೆ ಕೂರಿಸುತ್ತದೆ. ಅದರಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಕನ್ನಡ ಕಾದಂಬರಿಗೆ 894.8143. ನಾಲ್ಕು ತಿಂಗಳು ಕೂತು ಚೀಟಿ ಬರೆದು ಬೆನ್ನಿಗೆ ಅಂಟಿಸಿದೆ. ಮುಗಿದ ಮೇಲೆ ದೂರ ನಿಂತು ನೋಡಿದರೆ ಆರೇಳು ಕಪಾಟಿಗೆ ಒಂದೇ ನಂಬರ್! ಐದನೇ ಕ್ಲಾಸಿನ ಹುಡುಗನೊಬ್ಬ ಬಂದು, "ಅಂಕಲ್, ಇಷ್ಟೂ ಪುಸ್ತಕಕ್ಕೆ 894 ರೂಪಾಯಿನಾ?" ಅಂತ ಕೇಳಿದ. ಅವತ್ತೇ ಚೀಟಿ ಕೀಳೋಕೆ ಶುರು ಮಾಡಿದೆ. ಡ್ಯೂಯಿ ಕೆಟ್ಟದ್ದಲ್ಲ, ಎಲ್ಲ ವಿಷಯಗಳೂ ಇರುವ ದೊಡ್ಡ ಸಂಗ್ರಹಕ್ಕೆ ಅದೇ ಸರಿ. ಮುಕ್ಕಾಲು ಭಾಗ ಕಥೆ ಕಾದಂಬರಿಯೇ ಇರುವ ನಮ್ಮಂಥ ಕೋಣೆಗೆ ಅದರಿಂದ ಏನೂ ಸಿಗುವುದಿಲ್ಲ.

ಈಗ ನಮ್ಮಲ್ಲಿರುವುದು ಬಣ್ಣದ ಸ್ಟಿಕ್ಕರ್. ಕೆಂಪು ಕಾದಂಬರಿ, ಹಳದಿ ಸಣ್ಣಕಥೆ, ಹಸಿರು ಮಕ್ಕಳದು, ನೀಲಿ ಜೀವನಚರಿತ್ರೆ, ಹೀಗೆ ಒಟ್ಟು ಒಂಬತ್ತು. ಬಾಗಿಲ ಹತ್ತಿರ ಒಂದು ಹಾಳೆಯಲ್ಲಿ ಯಾವ ಬಣ್ಣ ಯಾವುದಕ್ಕೆ ಅಂತ ಬರೆದಿದೆ. ಓದಿದ ಪುಸ್ತಕವನ್ನು ಮಕ್ಕಳೇ ಸರಿಯಾದ ಜಾಗಕ್ಕೆ ವಾಪಸ್ ಇಡುತ್ತಾರೆ.

ಬಣ್ಣ ಏನೇ ಇರಲಿ, ಪ್ರತಿ ಪ್ರತಿಗೂ ಒಂದು ಕ್ರಮಸಂಖ್ಯೆ ಬೇಕೇ ಬೇಕು, ಲೈಬ್ರರಿಯವರು ಆಕ್ಸೆಷನ್ ನಂಬರ್ ಅನ್ನುತ್ತಾರೆ. ಒಂದೇ ಪುಸ್ತಕದ ಮೂರು ಪ್ರತಿ ಇದ್ದರೆ ಮೂರು ನಂಬರ್. ಪುಸ್ತಕ ಕಳೆದುಹೋದರೂ ಅದರ ನಂಬರನ್ನು ಇನ್ನೊಂದಕ್ಕೆ ಕೊಡಬೇಡಿ, ಲೆಡ್ಜರ್ ಬರೆದವನ ಮಾತು ಇದು. ನಂಬರನ್ನು ಒಳಮುಖಪುಟದ ಹಿಂಬದಿಯಲ್ಲಿ ಬರೆಯಿರಿ, ಇನ್ನೊಂದು ಸಲ ನೀವೇ ಗೊತ್ತುಮಾಡಿಕೊಂಡ ಒಂದು ಪುಟದಲ್ಲಿ ಬರೆಯಿರಿ. ನಮ್ಮದು 27ನೇ ಪುಟ. ಮೊದಲ ಹಾಳೆ ಹರಿದುಹೋದ ಪುಸ್ತಕ ಎಲ್ಲೋ ಸಿಕ್ಕಿದರೂ ಇದು ನಮ್ಮದೇ ಅಂತ ಗೊತ್ತಾಗುತ್ತದೆ. ಅಂಟಿಸಲು ಮೈದಾ ಗೋಂದು ಬೇಡ, ಹುಳ ಬರುತ್ತದೆ.

ಇನ್ನು ಕನ್ನಡ ಪುಸ್ತಕಗಳ ನಿಜವಾದ ತಲೆನೋವು ಲೇಖಕರ ಹೆಸರು. ಬೇರೆ ಕಡೆಯ ಸಲಹೆಗಳಲ್ಲಿ "ಕುಟುಂಬದ ಹೆಸರು ಮೊದಲು" ಅಂತ ಸುಲಭವಾಗಿ ಬರೆದಿರುತ್ತಾರೆ. ನಮ್ಮಲ್ಲಿ ಊರು, ಇನಿಷಿಯಲ್, ಕಾವ್ಯನಾಮ ಎಲ್ಲ ಕಲಸಿಕೊಂಡಿವೆ. ಬೇಂದ್ರೆಯವರ ಕವನ ಸಂಕಲನದ ಮೇಲೆ ಅಂಬಿಕಾತನಯದತ್ತ ಅಂತ ಇರಬಹುದು. ಶ್ರೀರಂಗ ಅಂದರೂ ಆದ್ಯ ರಂಗಾಚಾರ್ಯ ಅಂದರೂ ಒಬ್ಬರೇ. ಮಾಸ್ತಿ ಅನ್ನುವುದು ಊರಿನ ಹೆಸರು, ಆದರೆ ವೆಂಕಟೇಶ ಅಯ್ಯಂಗಾರ್ ಅಂತ ಹುಡುಕಿಕೊಂಡು ಬಂದವರನ್ನು ನಾನಂತೂ ನೋಡಿಲ್ಲ. ಅನಸೂಯಾ ಶಂಕರ್ ಅಂತ ಪಟ್ಟಿಯಲ್ಲಿ ಬರೆದರೆ ತ್ರಿವೇಣಿಯವರ ಕಾದಂಬರಿ ಕೇಳಲು ಬಂದ ಅಜ್ಜಿ ಬರಿಗೈಲಿ ಹೋಗುತ್ತಾರೆ. ಬೀಚಿಯವರಂತೂ ತಮ್ಮ ಹೆಸರಿನ ಒಂದಕ್ಷರವನ್ನು ಕನ್ನಡದಲ್ಲಿ, ಉಳಿದದ್ದನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಅದನ್ನು ಹಾಗೇ ಟೈಪ್ ಮಾಡಿಟ್ಟರೆ ಹುಡುಕಿದಾಗ ಸಿಗುವುದೇ ಇಲ್ಲ.

ಹಾಗಾಗಿ ನಮ್ಮ ಪಟ್ಟಿಯಲ್ಲಿ ಲೇಖಕರಿಗೆ ಎರಡು ಕಾಲಂ. ಒಂದರಲ್ಲಿ ಪುಸ್ತಕದ ಮೇಲೆ ಇರುವ ಹೆಸರು, ಇದ್ದ ಹಾಗೆ. ಇನ್ನೊಂದರಲ್ಲಿ ಜನ ಬಾಗಿಲಲ್ಲಿ ನಿಂತು ಕೇಳುವ ಹೆಸರು: ಕುವೆಂಪು, ತೇಜಸ್ವಿ, ಭೈರಪ್ಪ, ತರಾಸು, ಅನಕೃ. ಎರಡನೆಯದರಲ್ಲಿ ಚುಕ್ಕೆ ಇಲ್ಲ, ನಡುವೆ ಜಾಗ ಬಿಡುವುದಿಲ್ಲ. ಒಬ್ಬರು "ತ.ರಾ.ಸು." ಅಂತ, ಇನ್ನೊಬ್ಬರು "ತ ರಾ ಸು" ಅಂತ ಹೊಡೆದರೆ ಕಂಪ್ಯೂಟರ್‌ಗೆ ಅವರು ಇಬ್ಬರು ಲೇಖಕರು. ಕಪಾಟಿನಲ್ಲಿ ಜೋಡಿಸುವುದೂ ಈ ಎರಡನೇ ಕಾಲಂ ಪ್ರಕಾರವೇ.

ಟೈಪ್ ಮಾಡುವುದು ಯೂನಿಕೋಡ್‌ನಲ್ಲೇ ಇರಲಿ, ಅಂದರೆ ಯಾವ ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ಕನ್ನಡ ಕನ್ನಡವಾಗೇ ಕಾಣುವ ಪದ್ಧತಿಯಲ್ಲಿ. ನಮ್ಮ ಮೊದಲ 400 ಪುಸ್ತಕಗಳ ಪಟ್ಟಿ ಯಾರೋ ಹಳೇ ನುಡಿ ಫಾಂಟಿನಲ್ಲಿ ಮಾಡಿಕೊಟ್ಟಿದ್ದರು. ಮೊಬೈಲಿನಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಗುರುತುಗಳು, ಪರಿವರ್ತಿಸಿ ತಿದ್ದಲು ಹೊಸದಾಗಿ ಬರೆದಷ್ಟೇ ಕೆಲಸವಾಯಿತು. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ವಿವರ ತಾನೇ ಬರುತ್ತದೆ ಅನ್ನುವ ಆ್ಯಪ್‌ಗಳಿವೆ. ಇಂಗ್ಲಿಷ್ ಪುಸ್ತಕಕ್ಕೆ ಸರಿ. ನಮಗೆ ದಾನ ಬಂದ ಹಳೇ ಕನ್ನಡ ಪುಸ್ತಕಗಳಲ್ಲಿ ಎಷ್ಟಕ್ಕೋ ಐಎಸ್‌ಬಿಎನ್ (ಬಾರ್‌ಕೋಡಿನಲ್ಲಿರುವ ಪುಸ್ತಕದ ಗುರುತಿನ ಸಂಖ್ಯೆ) ಇರಲೇ ಇಲ್ಲ, ಇದ್ದವುಗಳಲ್ಲೂ ವಿವರ ಸಿಕ್ಕಿದ್ದು ಕೆಲವಕ್ಕೆ ಮಾತ್ರ. ಕೈಯಲ್ಲೇ ಬರೆಯಬೇಕು. ಇಬ್ಬರಿಬ್ಬರಾಗಿ ಕೂತರೆ ಬೇಗ ಆಗುತ್ತದೆ, ಒಬ್ಬರು ಓದುವುದು, ಒಬ್ಬರು ಟೈಪ್ ಮಾಡುವುದು. ಏಪ್ರಿಲ್ ರಜೆಯಲ್ಲಿ ನಮ್ಮ ಬೀದಿಯ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಓದಿದಳು, ನಾನು ಟೈಪ್ ಮಾಡಿದೆ, ಗಂಟೆಗೆ ನಲವತ್ತು ಪುಸ್ತಕ. ನಡುನಡುವೆ, "ಅಂಕಲ್, ಇದನ್ನ ಪಕ್ಕಕ್ಕೆ ಇಡ್ತೀನಿ, ನಾನು ತಗೊಂಡು ಹೋಗ್ಬೇಕು" ಅಂತ ಒಂದೊಂದು ಎತ್ತಿಡುತ್ತಿದ್ದಳು. ಆ ರಜೆ ಮುಗಿಯುವ ಹೊತ್ತಿಗೆ ಅವಳ ಕ್ಲಾಸಿನ ಹನ್ನೊಂದು ಮಕ್ಕಳು ಸದಸ್ಯರಾಗಿದ್ದರು. ಅದಕ್ಕೇ ಹೇಳುತ್ತೇನೆ, ಪಟ್ಟಿ ಮುಗಿಸಿ ಆಮೇಲೆ ಪ್ರಚಾರ ಅಂತ ಎರಡು ಕೆಲಸ ಮಾಡಿಕೊಳ್ಳಬೇಡಿ. ಪಟ್ಟಿ ಮಾಡುವುದಕ್ಕೇ ಜನರನ್ನು ಕರೆಯಿರಿ.

ಸಾಫ್ಟ್‌ವೇರ್ ವಿಷಯ ಎರಡೇ ಮಾತು. ಕೊಹಾ ಅಂತ ಒಂದಿದೆ, ನ್ಯೂಜಿಲೆಂಡ್‌ನಲ್ಲಿ ಹುಟ್ಟಿದ್ದು, ಪುಕ್ಕಟೆ, ದೊಡ್ಡ ದೊಡ್ಡ ಗ್ರಂಥಾಲಯಗಳೇ ಬಳಸುತ್ತವೆ. ನಮ್ಮ ಸ್ವಯಂಸೇವಕ ಹುಡುಗನೊಬ್ಬ ಆಸೆಯಿಂದ ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟ. ಅವನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು, ಅವನ ಜೊತೆ ಲ್ಯಾಪ್‌ಟಾಪೂ ಹೋಯಿತು. ತಪ್ಪು ಕೊಹಾದ್ದಲ್ಲ, ಹುಡುಗನದ್ದೂ ಅಲ್ಲ. ನಿಮ್ಮಲ್ಲಿ ಮೂರು ಜನಕ್ಕೆ ಗೊತ್ತಿರುವ ಸಾಧನ ಯಾವುದೋ ಅದನ್ನೇ ಬಳಸಿ. ನಮಗೆ ಅದು ಗೂಗಲ್ ಶೀಟ್, ಎರವಲಿಗೆ ಇನ್ನೂರು ಪುಟದ ನೋಟ್‌ಬುಕ್.

ಈಗ ಜನ ಬರುವ ವಿಚಾರ. ಪಾಂಪ್ಲೆಟ್ ಹಂಚಿದ್ದೇವೆ, ಬ್ಯಾನರ್ ಕಟ್ಟಿದ್ದೇವೆ, ದುಡ್ಡು ದಂಡ. ಶೀಟಿನ ಲಿಂಕನ್ನು ಬಡಾವಣೆಯ ವಾಟ್ಸಾಪ್ ಗುಂಪಿಗೆ ಹಾಕಿದೆವು, ಯಾರೂ ತೆರೆಯಲಿಲ್ಲ. ಆಮೇಲೆ ಪ್ರತಿ ಶನಿವಾರ ಸಂಜೆ ಒಂದು ಕಪಾಟಿನ ಫೋಟೋ ಹಾಕಲು ಶುರು ಮಾಡಿದೆವು. ಬಿಡಿ ಪುಸ್ತಕದ ಚಂದದ ಚಿತ್ರ ಅಲ್ಲ, ಬೆನ್ನುಗಳು ಕಾಣುವ ಹಾಗೆ ಇಡೀ ಸಾಲು. ಜನ ಫೋಟೋ ದೊಡ್ಡದು ಮಾಡಿ ನೋಡುತ್ತಾರೆ, "ಮೇಲಿಂದ ಎರಡನೇ ಸಾಲಲ್ಲಿ ಆ ಬಿಳಿ ಬೆನ್ನಿನದು ಯಾವುದು ಸರ್?" ಅಂತ ಕೇಳುತ್ತಾರೆ. ಕೇಳಿದವರ ಹೆಸರಿಗೆ ಅದನ್ನು ತೆಗೆದಿಟ್ಟರೆ ಭಾನುವಾರ ಬಂದೇ ಬರುತ್ತಾರೆ. ಗಣೇಶನ ಪೆಂಡಾಲಿನಲ್ಲೂ ನವೆಂಬರ್ 1ಕ್ಕೂ ಒಂದು ಮೇಜು ಹಾಕಿ ಅಲ್ಲೇ ಎರವಲು ಕೊಡುತ್ತೇವೆ. ಗೂಗಲ್ ಮ್ಯಾಪಿನಲ್ಲಿ ಹೆಸರು, ಸಮಯ ಹಾಕಿ, ಬಾಡಿಗೆಗೆ ಬಂದ ಹೊಸಬರು ಅದನ್ನು ನೋಡಿಕೊಂಡು ಬರುತ್ತಾರೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಬೋರ್ಡಿನ ಮೇಲೆ ಬರೆದ ಸಮಯ. ಒಂದು ಭಾನುವಾರ ಪಾಳಿಯಲ್ಲಿದ್ದವರು ಮದುವೆಗೆ ಹೋದರು, ಬದಲಿ ಹೇಳಲಿಲ್ಲ. ಎರಡನೇ ಕ್ರಾಸಿನ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು ಬೀಗ ನೋಡಿ ವಾಪಸ್ ಹೋದರಂತೆ. ತೆಗೆದುಕೊಂಡು ಹೋಗಿದ್ದ ಪುಸ್ತಕವನ್ನು ಮೊಮ್ಮಗನ ಕೈಲಿ ಕಳಿಸಿದರು, ಮತ್ತೆ ಬರಲಿಲ್ಲ. ನಾನೇ ಮನೆಗೆ ಹೋಗಿ ಕರೆದೆ. "ಬರ್ತೀನಪ್ಪಾ" ಅಂದರು, ಅಷ್ಟೇ. ವಾರಕ್ಕೆ ಎರಡೇ ಗಂಟೆ ತೆರೆಯಿರಿ, ಆದರೆ ಆ ಎರಡು ಗಂಟೆ ತೆರೆದಿರಲೇಬೇಕು. ಈಗ ನಮ್ಮಲ್ಲಿ ಕೀಲಿಕೈ ನಾಲ್ಕು ಮನೆಯಲ್ಲಿದೆ, ಒಂದು ಜೆರಾಕ್ಸ್ ಅಂಗಡಿಯಲ್ಲಿ.

ದಾನದ ಪುಸ್ತಕದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೂಟೆ ಬಂದರೆ ಎಲ್ಲಕ್ಕೂ ನಂಬರ್ ಹಾಕಬೇಡಿ. ಹಳೇ ಸಿಇಟಿ ಗೈಡ್, ಗೆದ್ದಲು ಹಿಡಿದದ್ದು, ಸಿಲಬಸ್ ಬದಲಾದ ಪಠ್ಯಪುಸ್ತಕ ಮೊದಲೇ ಬೇರೆ ಇಡಿ. ಹಳೇ ದೀಪಾವಳಿ ವಿಶೇಷಾಂಕಗಳನ್ನು ಮಾತ್ರ ರದ್ದಿಗೆ ಹಾಕಬೇಡಿ, ನಮ್ಮಲ್ಲಿ ಕಾದಂಬರಿಗಳಷ್ಟೇ ಓಡಾಡುತ್ತವೆ.

ಸರ್ಕಾರದ ದುಡ್ಡು ನಂಬಿ ಕೂರಬೇಡಿ. ಮನೆ ಕಂದಾಯದ ಜೊತೆ ನಾವು ಕಟ್ಟುವ ಗ್ರಂಥಾಲಯ ಕರ 1965ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಗ್ರಂಥಾಲಯಗಳಿಗೆ ಹೋಗುತ್ತದೆ, ನಮ್ಮಂಥ ಖಾಸಗಿ ಕೋಣೆಗೆ ಅಲ್ಲ.

ಪಟ್ಟಿ ಮುಗಿದ ದಿನ ಒಂದು ಪ್ರಿಂಟ್ ತೆಗೆದು ಗ್ರಂಥಾಲಯದ ಹೊರಗೆ, ಯಾರದಾದರೂ ಮನೆಯಲ್ಲಿ ಇಡಿ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವ್‌ನಗರದಲ್ಲಿ ಕೂಲಿ ಕೆಲಸಗಾರ ಸೈಯದ್ ಇಸಾಕ್ ಅವರು ನಡೆಸುತ್ತಿದ್ದ ಗ್ರಂಥಾಲಯಕ್ಕೆ ಬೆಂಕಿ ಬಿದ್ದು ಸುಮಾರು 11,000 ಪುಸ್ತಕ ಸುಟ್ಟುಹೋದವು. ಆ ಸುದ್ದಿ ಓದಿದ ರಾತ್ರಿ ನಾನು ನಮ್ಮ ಪಟ್ಟಿಯ ಮೂರು ಪ್ರಿಂಟ್ ತೆಗೆಸಿದೆ. ಒಂದು ನಮ್ಮ ಮನೆಯ ಬೀರುವಿನಲ್ಲಿದೆ, ಒಂದು ಆ ಜೆರಾಕ್ಸ್ ಅಂಗಡಿಯಲ್ಲಿ. ಮೂರನೆಯದು ಪುಸ್ತಕ ಎತ್ತಿಡುತ್ತಿದ್ದ ಹುಡುಗಿಯ ಹತ್ತಿರ ಇದೆ. ಓದಿ ಮುಗಿಸಿದ್ದಕ್ಕೆಲ್ಲ ಪೆನ್ಸಿಲ್‌ನಲ್ಲಿ ಟಿಕ್ ಹಾಕಿಕೊಂಡಿದ್ದಾಳೆ.